ಯುರೇನಸ್ಸಿನ ಕಾಂತಗೋಳದೊಳಗೆ 45 ಗಂಟೆ

1977ರ ಆಗಸ್ಟ್ 20ಕ್ಕೆ ಫ್ಲಾರಿಡಾದಿಂದ ಹೊರಟ ವಾಯೇಜರ್ 2, ಗುರು ಶನಿಗಳನ್ನು ದಾಟಿ ಯುರೇನಸ್ಸಿನ ಹತ್ತಿರ ಬಂದದ್ದು 1986ರ ಜನವರಿಯಲ್ಲಿ. ಎಂಟು ಚಿಲ್ಲರೆ ವರ್ಷದ ಆ ಹಾದಿಯಲ್ಲಿ ಬಹುಪಾಲು ಬರೀ ಬಯಲು, ಅದನ್ನು ಇಲ್ಲಿಗೇ ಬಿಡೋಣ. ಹೇಳಬೇಕಾದ್ದು ಕೊನೆಯ ಹನ್ನೊಂದು ದಿನಗಳ ಕತೆ, ಅದರಲ್ಲೂ ಗ್ರಹದ ಕಾಂತಗೋಳದೊಳಗೆ, ಅಂದರೆ ಅದರ ಕಾಂತಕ್ಷೇತ್ರದ ಆಳ್ವಿಕೆ ನಡೆಯುವ ವಲಯದೊಳಗೆ, ಕಳೆದ 45 ಗಂಟೆಗಳದ್ದು. ಅದಕ್ಕೂ ಮೊದಲು ಅಲ್ಲಿಗೆ ಯಾವ ನೌಕೆಯೂ ಹೋಗಿರಲಿಲ್ಲ, ಆಮೇಲೂ ಹೋಗಿಲ್ಲ. ಯುರೇನಸ್ಸಿನ ಕಾಂತಕ್ಷೇತ್ರದ ಬಗ್ಗೆ ನಾವು ಓದುವುದರಲ್ಲಿ ಹೆಚ್ಚಿನದು ಈ ಒಂದೇ ಓಟದಲ್ಲಿ ಅಳೆದು ತಂದದ್ದು.

ಕೆಳಗೆ ಬರುವ ಗಂಟೆಗಳೆಲ್ಲ ನೌಕೆ ಇದ್ದ ಜಾಗದ್ದು, ಗ್ರೀನಿಚ್ ಲೆಕ್ಕದಲ್ಲಿ. ಸುದ್ದಿ ಭೂಮಿಗೆ ಮುಟ್ಟಲು 2 ಗಂಟೆ 45 ನಿಮಿಷ ಬೇಕಿತ್ತು. ದೂರಗಳನ್ನು ಗ್ರಹದ ಕೇಂದ್ರದಿಂದ ಎಣಿಸಿದೆ, ಒಂದು ತ್ರಿಜ್ಯವೆಂದರೆ ಸುಮಾರು 25,600 ಕಿಲೋಮೀಟರ್.

ಕಟ್ಟಿಕೊಂಡ ಸಾಮಾನು

ನೌಕೆಯ ಮೇಲೆ ಕಾಂತಕ್ಷೇತ್ರ ಅಳೆಯುವ ಒಟ್ಟು ನಾಲ್ಕು ಮ್ಯಾಗ್ನೆಟೋಮೀಟರ್‌ಗಳು. ಎರಡು ಸೂಕ್ಷ್ಮವಾದವು 13 ಮೀಟರ್ ಉದ್ದದ ಗಾಜುನಾರಿನ ಕೋಲಿನ ಮೇಲಿವೆ: ಒಂದು ತುದಿಯಲ್ಲಿ, ಇನ್ನೊಂದು ಹೆಚ್ಚುಕಡಿಮೆ ನಡುವೆ. ಉಳಿದೆರಡು ಒರಟು ಮಾದರಿಯವು, ನೌಕೆಯ ಒಡಲಿನ ಹತ್ತಿರವೇ ಇವೆ. ಉಡಾವಣೆಯ ಹೊತ್ತಿನಲ್ಲಿ ಆ ಇಡೀ ಕೋಲು ಒಂದು ಮೀಟರಿಗಿಂತ ಗಿಡ್ಡನೆಯ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು.

ಇಷ್ಟುದ್ದದ ಕೋಲು ಯಾಕೆಂದರೆ, ಯುರೇನಸ್ ಇರುವ ದೂರದಲ್ಲಿ ಸೌರಮಾರುತ (ಸೂರ್ಯನಿಂದ ಸದಾ ಬೀಸುವ ವಿದ್ಯುದಾವೇಶದ ಕಣಗಳ ಹರಿವು) ಹೊತ್ತು ತರುವ ಕಾಂತಕ್ಷೇತ್ರ ಒಂದು ನ್ಯಾನೋಟೆಸ್ಲಾದ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಹತ್ತರಲ್ಲಿ ಎರಡು ಮೂರು ಪಾಲು ಅಷ್ಟೇ. ನೌಕೆಯ ಸ್ವಂತ ಕಾಂತತೆಯ ಸೋರಿಕೆ 13 ಮೀಟರ್ ಆಚೆಯ ತುದಿಯಲ್ಲೂ ಅದೇ ಅಳತೆಗೆ ಹತ್ತಿರ. ಅಳೆಯಬೇಕಾದ್ದು ಎಷ್ಟಿದೆಯೋ ಕಲಬೆರಕೆಯೂ ಅಷ್ಟೇ ಇದೆ. ಎರಡನೆಯ ಉಪಕರಣಕ್ಕೆ ಕೆಲಸ ಬರುವುದು ಇಲ್ಲಿ. ನೌಕೆಯ ಸೋರಿಕೆ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ನಡುವಿನ ಉಪಕರಣಕ್ಕೆ ಅದು ಐದಾರು ಪಟ್ಟು ಜೋರಾಗಿ ಕಾಣುತ್ತದೆ. ಹೊರಗಿನ ಕ್ಷೇತ್ರವಾದರೋ ಎರಡಕ್ಕೂ ಒಂದೇ. ಎರಡು ಓದುಗಳ ವ್ಯತ್ಯಾಸ ತೆಗೆದರೆ ನೌಕೆಯ ಪಾಲು ಎಷ್ಟೆಂದು ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ತಯಾರಾದ ಆದಿತ್ಯ ಎಲ್1ರ ಮ್ಯಾಗ್ನೆಟೋಮೀಟರ್ ಕೂಡ ಇದೇ ಪದ್ಧತಿಯದು: 6 ಮೀಟರ್ ಕೋಲಿನ ತುದಿಗೊಂದು, 3 ಮೀಟರಿನಲ್ಲೊಂದು.

ಇಷ್ಟು ಮಾಡಿದರೂ ಉಪಕರಣದ ಸೊನ್ನೆ, ಅಂದರೆ ಕ್ಷೇತ್ರವೇ ಇಲ್ಲದಾಗ ಅದು ತೋರುವ ಅಂಕಿ, ಜಾರುತ್ತಲೇ ಇರುತ್ತದೆ. ಅದಕ್ಕೆ ನೌಕೆಯನ್ನು ಆಗಾಗ ಉರುಳಿಸುತ್ತಾರೆ. ಆಂಟೆನಾ ಭೂಮಿಯ ಕಡೆಗೇ ಇರಬೇಕು, ಆ ಅಕ್ಷದ ಸುತ್ತ ಒಡಲು ತಿರುಗಬೇಕು. ಹೊರಗಿನ ಕ್ಷೇತ್ರ ಅಡ್ಡದ ಎರಡು ದಿಕ್ಕುಗಳಲ್ಲಿ ಅಲೆಯಂತೆ ಏರಿಳಿಯುತ್ತದೆ, ಏರಿಳಿಯದೆ ಉಳಿಯುವ ಅಂಶವೇ ಸುಳ್ಳು ಸೊನ್ನೆ. ಭೂಮಿಯತ್ತ ಮುಖಮಾಡಿದ ಮೂರನೆಯ ದಿಕ್ಕಿಗೆ ಈ ಉಪಾಯ ನಡೆಯುವುದಿಲ್ಲ. ಸೌರಮಾರುತದಲ್ಲಿ ಕ್ಷೇತ್ರದ ದಿಕ್ಕು ಹೊಯ್ದಾಡುತ್ತಾ ಬಲ ಮಾತ್ರ ಬದಲಾಗದೆ ನಿಲ್ಲುವ ಹೊತ್ತುಗಳುಂಟು. ಅವನ್ನು ಹುಡುಕಿ, ಬಲ ಸ್ಥಿರವಾಗಿ ಉಳಿಯುವಂತೆ ಮೂರನೆಯ ಸೊನ್ನೆಯನ್ನು ಸರಿಸಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಜನವರಿ 18, ಶನಿವಾರ

ತೊಂದರೆ ಶುರುವಾದದ್ದು ಇವತ್ತು. ಬರುತ್ತಿದ್ದ ಚಿತ್ರಗಳಲ್ಲಿ ಇದ್ದಕ್ಕಿದ್ದಂತೆ ಕಪ್ಪು ಬಿಳುಪು ಗೆರೆಗಳ ದೊಡ್ಡ ದೊಡ್ಡ ಚೌಕಗಳು ಕಾಣಿಸಿಕೊಂಡವು. ಗ್ರಹಕ್ಕೆ ಅತಿ ಹತ್ತಿರ ಹಾಯುವ ಸಮೀಪದ ಗಳಿಗೆಗೆ ಉಳಿದಿದ್ದು ಆರೇ ದಿನ. ಹುಡುಕಿದಾಗ ಸಿಕ್ಕಿದ್ದು ದತ್ತಾಂಶ ಕಂಪ್ಯೂಟರಿನ ಮೆಮೊರಿಯಲ್ಲಿ ಕೆಟ್ಟ ಒಂದೇ ಒಂದು ಬಿಟ್. ಅದು ಸೊನ್ನೆಯ ಬದಲು ಒಂದು ತೋರಿಸುತ್ತಿತ್ತು, ಅದೂ ಚಿತ್ರಗಳನ್ನು ಕುಗ್ಗಿಸುವ ಪ್ರೋಗ್ರಾಮಿನ ನಡುವೆ. ಆ ಜಾಗವನ್ನು ಬಳಸಿಕೊಂಡು ಹೋಗುವಂತೆ ಪ್ರೋಗ್ರಾಮನ್ನು ತಿದ್ದಿ ಮೇಲಕ್ಕೆ ಕಳಿಸಿದರು, ಚಿತ್ರಗಳು ಸರಿಹೋದವು.

ಮ್ಯಾಗ್ನೆಟೋಮೀಟರಿನ ದತ್ತಾಂಶಕ್ಕೆ ಇದರಿಂದ ಏನೂ ಆಗಲಿಲ್ಲ. ಚಿತ್ರಗಳ ಮುಂದೆ ಅದರ ಪಾಲು ತೀರಾ ಚಿಕ್ಕದು, ಕುಗ್ಗಿಸುವ ಅಗತ್ಯವೂ ಇಲ್ಲ. ಒಟ್ಟು ಹರಿವು ಸೆಕೆಂಡಿಗೆ 21,600 ಬಿಟ್, ಶನಿಯ ಹತ್ತಿರ ಇದ್ದುದರ ಅರ್ಧಕ್ಕಿಂತ ಕಡಿಮೆ. ಅದನ್ನು ಹಿಡಿಯಲು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಆಂಟೆನಾಗಳ ಜೊತೆಗೆ ಪಾರ್ಕ್ಸ್ ರೇಡಿಯೋ ದೂರದರ್ಶಕವನ್ನೂ ಜೋಡಿಸಿದ್ದರು. ಯುರೇನಸ್ ಆಗ ದಕ್ಷಿಣದ ಆಕಾಶದಲ್ಲಿತ್ತು, ಅಲ್ಲಿಂದಲೇ ಚೆನ್ನಾಗಿ ಕಾಣುತ್ತಿದ್ದುದು.

ಜನವರಿ 19, ಭಾನುವಾರ

ಗ್ರಹ ಮಾತಾಡಿತು. ನೌಕೆಯ ಎರಡು ಹತ್ತು ಮೀಟರ್ ಆಂಟೆನಾಗಳಿಗೆ ಯುರೇನಸ್ಸಿನ ರೇಡಿಯೋ ಸದ್ದು ಸ್ಪಷ್ಟವಾಗಿ ಸಿಕ್ಕಿದ್ದು ಸಮೀಪದ ಗಳಿಗೆಗೆ ಐದು ದಿನ ಇರುವಾಗ. ಗುರು ಮತ್ತು ಶನಿ ತಿಂಗಳುಗಟ್ಟಲೆ ಮೊದಲೇ ಕೇಳಿಸಿದ್ದವು, ಇಲ್ಲಿ ಮಾತ್ರ ಕೊನೆಯ ವಾರದವರೆಗೂ ಮೌನ. ಈ ಗ್ರಹಕ್ಕೆ ಅಂಥ ಸದ್ದು ಹುಟ್ಟಿಸುವ ಕಾಂತಕ್ಷೇತ್ರವೇ ಇಲ್ಲವೇನೋ ಎಂಬ ಅನುಮಾನಕ್ಕೂ ಆಗ ಜಾಗವಿತ್ತು. ಸದ್ದಿನ ಮುಖ್ಯ ಮೂಲ ಕತ್ತಲ ಕಡೆಯ ಕಾಂತಧ್ರುವದ ಮೇಲಿದೆ, ಬಿಸಿಲ ಕಡೆಯಿಂದ ಬರುವವರಿಗೆ ಅದು ಕೇಳಿಸುವುದು ಕಡಿಮೆ ಎಂದು ಗೊತ್ತಾದದ್ದು ಗ್ರಹವನ್ನು ದಾಟಿದ ಮೇಲೆ.

ಜನವರಿ 20ರಿಂದ 23

ಹವಾಮಾನದ ಮಾತು. ಸೂರ್ಯನಿಂದ ಭೂಮಿಗಿಂತ 19 ಪಟ್ಟು ದೂರದಲ್ಲಿ ಸೌರಮಾರುತ ತೀರಾ ತೆಳು, ಆದರೆ ಒಂದೇ ಸಮ ಬೀಸುವುದಿಲ್ಲ. ದಾರಿಯುದ್ದಕ್ಕೂ ವೇಗದ ಅಲೆಗಳು ನಿಧಾನದವನ್ನು ಹಿಂದಿನಿಂದ ಬಂದು ಒತ್ತಿ, ದಟ್ಟ ಪಟ್ಟೆಗಳಾಗಿ ಸಾಗುತ್ತವೆ. ಈ ನಾಲ್ಕು ದಿನಗಳಲ್ಲಿ ನೌಕೆಯ ಪ್ಲಾಸ್ಮಾ (ವಿದ್ಯುದಾವೇಶ ಹೊತ್ತ ಅನಿಲ) ಅಳೆಯುವ ಉಪಕರಣ ದಾಖಲಿಸಿದ್ದು ಅಂಥ ಒಂದು ಒತ್ತಡದ ಏರಿಕೆ. ಅಂಕಿಗಳು ಕಡತ ಸೇರಿದವು. ಅವುಗಳ ಬೆಲೆ ಎಷ್ಟೆಂಬುದು ಮುಂದೆ ಬರುತ್ತದೆ.

ಹಾದಿಯ ಆಕಾರವೂ ವಿಚಿತ್ರ. ಯುರೇನಸ್ಸಿನ ಅಕ್ಷ ಸುಮಾರು 98 ಡಿಗ್ರಿ ವಾಲಿಕೊಂಡಿದೆ, 1986ರಲ್ಲಿ ಅದರ ದಕ್ಷಿಣ ಧ್ರುವ ನೇರ ಸೂರ್ಯನತ್ತ ಮುಖಮಾಡಿತ್ತು. ಉಪಗ್ರಹಗಳ ಕಕ್ಷೆಗಳೆಲ್ಲ ನೌಕೆಗೆ ಎದುರಾಗಿ ನಿಂತ ಗುರಿಹಲಗೆಯ ಸುತ್ತುಗಳಂತೆ ಕಾಣುತ್ತಿದ್ದವು. ಒಂದೊಂದು ಉಪಗ್ರಹಕ್ಕೆ ಒಂದೊಂದು ದಿನ ಕೊಡುವ ಮಾತೇ ಇಲ್ಲ, ನೋಡುವುದನ್ನೆಲ್ಲ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು.

ಕಾಂತಕ್ಷೇತ್ರದ ಬಗ್ಗೆ ನಿರೀಕ್ಷೆ ಏನಿತ್ತೆಂದರೆ, ಬೇರೆ ಗ್ರಹಗಳಂತೆ ಇಲ್ಲೂ ಕಾಂತಾಕ್ಷ ತಿರುಗುವ ಅಕ್ಷಕ್ಕೆ ಹತ್ತಿರವೇ ಇರುತ್ತದೆ, ಹಾಗಾಗಿ ಸೌರಮಾರುತ ನೇರ ಕಾಂತಧ್ರುವಕ್ಕೇ ಬಂದು ಬಡಿಯುತ್ತದೆ ಎಂದು. ಅಂಥ ಕಾಂತಗೋಳವನ್ನು ಯಾರೂ ಕಂಡಿರಲಿಲ್ಲ.

ಜನವರಿ 24, ಶುಕ್ರವಾರ

ಬೆಳಿಗ್ಗೆ ಏಳೂವರೆ ಹೊತ್ತಿಗೆ ಹೊರಬಾಗಿಲು. ಗ್ರಹದಿಂದ 23.7 ತ್ರಿಜ್ಯದ ದೂರದಲ್ಲಿ ಬೋ ಶಾಕ್ ದಾಟಿತು. ಶಬ್ದಾತೀತ ವೇಗದ ಸೌರಮಾರುತ ಕಾಂತಗೋಳದ ಅಡ್ಡಿಯನ್ನು ಕಂಡು ಒಮ್ಮೆಗೇ ನಿಧಾನವಾಗುವ ಗಡಿ ಅದು. ಕ್ಷೇತ್ರದ ಬಲ ಒಂದೇ ನೆಗೆತಕ್ಕೆ ಮೇಲೇರುತ್ತದೆ, ಪ್ಲಾಸ್ಮಾ ವೇಗ ಕಳೆದುಕೊಂಡು ಬಿಸಿಯಾಗುತ್ತದೆ, ತರಂಗ ಉಪಕರಣದಲ್ಲಿ ಎಲ್ಲ ಆವರ್ತನಗಳಲ್ಲೂ ಗದ್ದಲ. ಮೂರು ಉಪಕರಣ ಒಟ್ಟಿಗೆ ಹೇಳಿದರಷ್ಟೇ ಶಾಕ್ ಎಂದು ಬರೆದುಕೊಳ್ಳಬೇಕು. ಮ್ಯಾಗ್ನೆಟೋಮೀಟರ್ ಒಂದನ್ನೇ ನಂಬಿದರೆ ಸೌರಮಾರುತದ ಒಳಗಿನ ಸಣ್ಣಪುಟ್ಟ ನೆಗೆತಗಳೂ ಗಡಿಯಂತೆ ಕಾಣುತ್ತವೆ. ಗುರುವಿನ ಹತ್ತಿರ ಈ ಗಡಿ ಹಿಂದೆ ಮುಂದೆ ಸರಿದಾಡಿ ನೌಕೆಯನ್ನು ಮತ್ತೆ ಮತ್ತೆ ದಾಟಿಸಿತ್ತು. ಇಲ್ಲಿ ಒಂದೇ ಸಲ, ಚೊಕ್ಕವಾಗಿ.

ಹತ್ತು ಗಂಟೆ ದಾಟಿದ ಮೇಲೆ, 18 ತ್ರಿಜ್ಯದಲ್ಲಿ, ಒಳಬಾಗಿಲಾದ ಮ್ಯಾಗ್ನೆಟೋಪಾಸ್. ಸೌರಮಾರುತದ ಕ್ಷೇತ್ರ ಅಲ್ಲಿಗೆ ಮುಗಿದು ಗ್ರಹದ್ದು ಶುರುವಾಗುತ್ತದೆ. ಪ್ಲಾಸ್ಮಾ ಸಾಂದ್ರತೆ ಬಿದ್ದು, ಕ್ಷೇತ್ರದ ಗೀಟು ನಡುಗುವುದನ್ನು ಬಿಟ್ಟು ನೆಟ್ಟಗಾಯಿತು. ಇನ್ನು ಮುಂದಿನ 45 ಗಂಟೆ ನೌಕೆ ಒಳಗೇ.

ಒಳದಾರಿಯಲ್ಲಿ ಮ್ಯಾಗ್ನೆಟೋಮೀಟರ್ ಗೇರ್ ಬದಲಿಸುತ್ತಾ ಹೋಗಬೇಕು. ಸೂಕ್ಷ್ಮ ಮಾದರಿಗೆ ಎಂಟು ಮಟ್ಟಗಳಿವೆ: ಅತಿ ಕೆಳಗಿನದು ಪ್ಲಸ್-ಮೈನಸ್ 8.8 ನ್ಯಾನೋಟೆಸ್ಲಾ, ಅತಿ ಮೇಲಿನದು 50,000. ಅಂಕಿ 12 ಬಿಟ್‌ನದು, ಅಂದರೆ ಪ್ರತಿ ಮಟ್ಟದಲ್ಲೂ 4096 ಮೆಟ್ಟಿಲು. ಕೆಳಗಿನ ಮಟ್ಟದಲ್ಲಿ ಒಂದು ಮೆಟ್ಟಿಲೆಂದರೆ 0.004 ನ್ಯಾನೋಟೆಸ್ಲಾ, 710ರ ಮಟ್ಟಕ್ಕೆ ಏರಿದಾಗ ಅದೇ ಮೆಟ್ಟಿಲು 0.35. ಬದಲಾವಣೆಯನ್ನು ಉಪಕರಣ ತಾನಾಗಿ ಮಾಡಿಕೊಳ್ಳುತ್ತದೆ, ಭೂಮಿಯಿಂದ ಹೇಳಿ ಮಾಡಿಸಲು ಅಲ್ಲಿ ಹೊತ್ತಿಲ್ಲ. ಎಡವುವ ಜಾಗವೂ ಇದೇ. ಪ್ರತಿ ಮಟ್ಟಕ್ಕೂ ಬೇರೆ ಸೊನ್ನೆ, ಬೇರೆ ಗುಣಕ. ಅವನ್ನು ಸರಿಯಾಗಿ ಹೊಂದಿಸದಿದ್ದರೆ ಮಟ್ಟ ಬದಲಾದ ಕ್ಷಣದಲ್ಲಿ ಗೀಟು ಚಿಕ್ಕದಾಗಿ ಜಿಗಿಯುತ್ತದೆ, ಅದನ್ನೇ ಯಾರಾದರೂ ಪ್ಲಾಸ್ಮಾದ ಗಡಿ ಎಂದುಕೊಳ್ಳಬಹುದು. ಇನ್ನೊಂದು ಎಚ್ಚರ: ಓದುಗಳೆಲ್ಲ ನೌಕೆಯ ಒಡಲಿನ ದಿಕ್ಕುಗಳಲ್ಲಿ ಬರುತ್ತವೆ. ಉಪಗ್ರಹ ಮಿರಾಂಡಾದ ಚಿತ್ರ ಮಸುಕಾಗದಿರಲೆಂದು ಇವತ್ತು ಇಡೀ ನೌಕೆಯನ್ನೇ ತಿರುಗಿಸಿದ್ದಾರೆ. ಆ ತಿರುವುಗಳ ದಾಖಲೆಯನ್ನು ಕ್ಷಣಕ್ಷಣಕ್ಕೂ ಸೇರಿಸದಿದ್ದರೆ ಕ್ಷೇತ್ರವೇ ತಿರುಗಿದಂತೆ ತೋರುತ್ತದೆ.

ಗುರುವಿಗೆಂದು ಕಟ್ಟಿಕೊಂಡು ಬಂದ ಒರಟು ಮ್ಯಾಗ್ನೆಟೋಮೀಟರ್‌ಗಳಿಗೆ ಇಲ್ಲಿ ಕೆಲಸವೇ ಬೀಳಲಿಲ್ಲ. ಅವುಗಳ ಮೇಲ್ಮಿತಿ 20 ಲಕ್ಷ ನ್ಯಾನೋಟೆಸ್ಲಾ. ಯುರೇನಸ್ಸಿನ ಹತ್ತಿರ ಸಿಕ್ಕ ಅತಿ ಹೆಚ್ಚು ಬಲ 413.

ಸಂಜೆ ಹತ್ತಿರವಾದಂತೆ ಉಂಗುರಗಳ ಸಮತಲ ದಾಟಿತು. ಅಲ್ಲಿ ಕಣ್ಣಿಗೆ ಕಾಣದ ದೂಳಿದೆ. ಮೈಕ್ರಾನ್ ಗಾತ್ರದ ಒಂದೊಂದು ಕಣ ನೌಕೆಗೆ ಬಡಿದಾಗ ಆ ವೇಗಕ್ಕೆ ಆವಿಯಾಗಿ ಚಿಟಿಕೆ ಪ್ಲಾಸ್ಮಾ ಹುಟ್ಟುತ್ತದೆ, ಅದು ಆಂಟೆನಾದಲ್ಲಿ ವೋಲ್ಟೇಜಿನ ಒಂದು ಚುಚ್ಚು. ಸೆಕೆಂಡಿಗೆ ಹತ್ತಾರು ಚುಚ್ಚು ಬಿದ್ದವು, ಕೆಲವು ನಿಮಿಷಗಳಲ್ಲಿ ಎಲ್ಲ ಶಾಂತ. ದೂಳು ಎಷ್ಟು ದೊಡ್ಡದೆಂದು ತಿಳಿಯಲು ಬೇರೆ ಉಪಕರಣ ಇರಲಿಲ್ಲ, ತರಂಗ ಅಳೆಯುವ ಯಂತ್ರವೇ ಆ ಕೆಲಸ ಮಾಡಿತು.

ಐದು ಗಂಟೆ 59 ನಿಮಿಷಕ್ಕೆ ಸಮೀಪದ ಗಳಿಗೆ. ಭಾರತದಲ್ಲಿ ಆಗ ರಾತ್ರಿ ಹನ್ನೊಂದೂವರೆ. ಮೋಡಗಳ ಮೇಲೆ 81,500 ಕಿಲೋಮೀಟರ್, ಕೇಂದ್ರದಿಂದ 4.19 ತ್ರಿಜ್ಯ.

ಬಲಕ್ಕಿಂತ ದಿಕ್ಕು ಗೊಂದಲಕ್ಕೆ ಕೆಡವಿತು. ಮ್ಯಾಗ್ನೆಟೋಮೀಟರಿನ ಹೊಣೆ ಹೊತ್ತಿದ್ದ, ನಾಸಾದ ಗೊಡ್ಡಾರ್ಡ್ ಕೇಂದ್ರದ ನಾರ್ಮನ್ ನೆಸ್ ಅವರ ತಂಡ ಗ್ರಹದ ಕೇಂದ್ರದಲ್ಲಿ ಒಂದು ದಂಡಕಾಂತ ಇಟ್ಟು ಲೆಕ್ಕ ಹಾಕಿದರೆ ಓದುಗಳು ಹೊಂದಲೇ ಇಲ್ಲ. ಕೊನೆಗೆ ಹೊಂದಿದ್ದು ತಿರುಗುವ ಅಕ್ಷದಿಂದ ಸುಮಾರು 60 ಡಿಗ್ರಿ ವಾಲಿದ ಕಾಂತ, ಅದೂ ಕೇಂದ್ರದಲ್ಲಿಲ್ಲ: ತ್ರಿಜ್ಯದ ಹತ್ತರಲ್ಲಿ ಮೂರು ಪಾಲಿನಷ್ಟು, ಅಂದರೆ ಏಳೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು, ಕತ್ತಲ ಧ್ರುವದ ಕಡೆಗೆ ಸರಿದಿದೆ. ಇದರಿಂದ ಮೋಡದ ಮಟ್ಟದಲ್ಲಿ ಬಲ ಒಂದು ಕಡೆ 10,000 ನ್ಯಾನೋಟೆಸ್ಲಾ ಇದ್ದರೆ ಇನ್ನೊಂದು ಕಡೆ ಒಂದು ಲಕ್ಷ ದಾಟುತ್ತದೆ. ಗ್ರಹದ ಕಾಂತಧ್ರುವಗಳು ಅದಲುಬದಲಾಗುವ ಹೊತ್ತಿಗೆ ನಾವು ಹೋಗಿದ್ದೆವೇನೋ ಎಂಬ ಊಹೆಯೂ ಹುಟ್ಟಿತು. 1989ರ ಆಗಸ್ಟಿನಲ್ಲಿ ಇದೇ ನೌಕೆ, ಇದೇ ಉಪಕರಣ ನೆಪ್ಚೂನಿನಲ್ಲೂ 47 ಡಿಗ್ರಿ ವಾಲಿಕೆ ಕಂಡ ಮೇಲೆ ಆ ಊಹೆಗೆ ಬಲ ಉಳಿಯಲಿಲ್ಲ. ಎರಡು ಗ್ರಹ ಒಟ್ಟಿಗೆ ಅದೇ ಹೊತ್ತಿನಲ್ಲಿ ಸಿಕ್ಕಿಬೀಳುವುದು ಕಷ್ಟ.

ಉಪಗ್ರಹಗಳು ಈ ಲೆಕ್ಕಕ್ಕೆ ಸಾಕ್ಷಿ ಹೇಳಿದವು. ಮಿರಾಂಡಾ, ಏರಿಯಲ್, ಅಂಬ್ರಿಯಲ್ ತಮ್ಮ ದಾರಿಗೆ ಬಂದ ವಿಕಿರಣ ಕಣಗಳನ್ನು ನುಂಗುತ್ತವೆ, ಕಣ ಎಣಿಸುವ ಉಪಕರಣದಲ್ಲಿ ಅಲ್ಲಲ್ಲಿ ತಗ್ಗು ಕಾಣುತ್ತದೆ. ಕಾಂತ ವಾಲಿರುವುದರಿಂದ ಆ ತಗ್ಗುಗಳು ಉಪಗ್ರಹದ ದೂರಕ್ಕೆ ನೇರವಾಗಿ ಬೀಳದೆ, ಅದು ಹಾದುಹೋಗುವ ಕ್ಷೇತ್ರರೇಖೆಗಳಿಗೆ ತಕ್ಕಂತೆ ಸರಿದಿರುತ್ತವೆ. ಮಾದರಿ ಸರಿಯಿದ್ದರಷ್ಟೇ ತಗ್ಗುಗಳು ಹೇಳಿದ ಜಾಗದಲ್ಲಿ ಬರಬೇಕು. ಹೆಚ್ಚುಕಡಿಮೆ ಬಂದವು.

ಬಗೆಹರಿಯದೆ ಉಳಿದದ್ದು ಪ್ಲಾಸ್ಮಾದ ಬಡತನ. ಗುರುವಿನಲ್ಲಿ ಅದರ ಉಪಗ್ರಹ ಅಯೋ ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕ ಆಮ್ಲಜನಕ ಉಗುಳಿ ಕಾಂತಗೋಳ ತುಂಬಿಸುತ್ತದೆ. ಇಲ್ಲಿ ಅತಿ ದಟ್ಟವಿದ್ದಲ್ಲೂ ಘನ ಸೆಂಟಿಮೀಟರಿಗೆ ಒಂದೆರಡು ಪ್ರೋಟಾನ್. ಐದು ಹಿಮದ ಉಪಗ್ರಹಗಳಿದ್ದರೂ ನೀರಿನ ಅಯಾನುಗಳ (ವಿದ್ಯುದಾವೇಶ ಹೊತ್ತ ಕಣಗಳ) ಸುಳಿವಿಲ್ಲ. ಹೀಗಿದ್ದೂ ಗ್ರಹವನ್ನು ಸುತ್ತುವರಿದ ಎಲೆಕ್ಟ್ರಾನ್ ಪಟ್ಟಿಗಳು ಮಾತ್ರ ಜೋರು, ಸೀಟಿ ತರಂಗಗಳೂ (ಪ್ಲಾಸ್ಮಾದಲ್ಲಿ ಹುಟ್ಟುವ ರೇಡಿಯೋ ಅಲೆಗಳು) ಜೋರು. ತಿನ್ನಲು ಇಲ್ಲದ ಮನೆಯಲ್ಲಿ ಇಷ್ಟು ಕಸುವು ಎಲ್ಲಿಂದ ಬಂತೆಂಬ ಪ್ರಶ್ನೆ ಮೂವತ್ತೆಂಟು ವರ್ಷ ಹಾಗೇ ಉಳಿಯಿತು.

ಜನವರಿ 25, ಶನಿವಾರ

ಗ್ರಹ ಹಿಂದಾಯಿತು, ಈಗ ಸೌರಮಾರುತ ಕಾಂತಗೋಳವನ್ನು ಹಿಂದಕ್ಕೆಳೆದು ಮಾಡಿದ ಬಾಲದ ಹಾದಿ. ಕತ್ತಲ ಕಡೆಗೆ ಬಂದ ಕೂಡಲೇ ರೇಡಿಯೋ ಸದ್ದು ಜೋರಾಗಿ, ಲಯಬದ್ಧವಾಗಿ ಸಿಗತೊಡಗಿತು. ಅದರ ಏರಿಳಿತದಿಂದಲೇ ಗ್ರಹದ ಒಳಗಿನ ದಿನ ಎಷ್ಟುದ್ದ ಎಂದು ಲೆಕ್ಕ ಸಿಕ್ಕಿತು: 17.24 ಗಂಟೆ. ಮೋಡಗಳನ್ನು ನೋಡಿ ಅಳೆದರೆ ಬರುವುದು ಗಾಳಿಯ ವೇಗ. ಕಾಂತಕ್ಷೇತ್ರ ಮಾತ್ರ ಒಳಗಿನ ಒಡಲಿಗೆ ಕಟ್ಟಿಕೊಂಡು ತಿರುಗುತ್ತದೆ.

ಈ ಲೆಕ್ಕದಲ್ಲಿ ಪ್ಲಸ್-ಮೈನಸ್ 36 ಸೆಕೆಂಡಿನ ಅನಿಶ್ಚಿತತೆ ಇತ್ತು. ಚಿಕ್ಕದೆನಿಸುತ್ತದೆ, ಆದರೆ ವರ್ಷಕ್ಕೆ ಐನೂರು ಸುತ್ತಿಗೂ ಹೆಚ್ಚು. ಎರಡು ಮೂರು ವರ್ಷಗಳಲ್ಲೇ ಕಾಂತಧ್ರುವ ಗ್ರಹದ ಯಾವ ಮಗ್ಗುಲಲ್ಲಿದೆ ಎಂದು ಹೇಳಲಾಗದ ಸ್ಥಿತಿ ಬಂತು. ಹಬಲ್ ದೂರದರ್ಶಕ ವರ್ಷಗಳ ಕಾಲ ಹಿಡಿದ ಧ್ರುವಪ್ರಭೆಯ ಚಿತ್ರಗಳಿಂದ 2025ರಲ್ಲಿ ಹೊಸ ಅಂಕಿ ಬಂತು: 17 ಗಂಟೆ 14 ನಿಮಿಷ 52 ಸೆಕೆಂಡು, ವಾಯೇಜರ್ ಹೇಳಿದ್ದಕ್ಕಿಂತ 28 ಸೆಕೆಂಡು ಹೆಚ್ಚು.

ಬಾಲ ಭೂಮಿಯ ಬಾಲದಂತೆಯೇ ಇತ್ತು, ನಡುವೆ ಪ್ಲಾಸ್ಮಾ ಹಾಳೆ, ಎರಡು ಬದಿಗೆ ಎದುರುಬದುರು ದಿಕ್ಕಿನ ಕ್ಷೇತ್ರ. ವ್ಯತ್ಯಾಸವೆಂದರೆ ಕಾಂತ ವಾಲಿಕೊಂಡೇ ಸುತ್ತುವುದರಿಂದ ಇಡೀ ಬಾಲವೂ ಗ್ರಹದ ಜೊತೆ ತಿರುಗುತ್ತಾ ಹುರಿಗೊಳ್ಳುತ್ತದೆ. ಹಾಳೆಯೇ ಮತ್ತೆ ಮತ್ತೆ ಬಂದು ನೌಕೆಯ ಮೇಲೆ ಹಾದುಹೋಯಿತು.

ಈ ಬಾಲದೊಳಗೆ ಅರವತ್ತು ಸೆಕೆಂಡಿನ ಒಂದು ಘಟನೆ ನಡೆಯಿತು. ಅದು ಬೆಳಕಿಗೆ ಬಂದದ್ದು ಮೂವತ್ತಮೂರು ವರ್ಷದ ಮೇಲೆ. ದತ್ತಾಂಶದ ದೀರ್ಘ ಸರಾಸರಿಗಳನ್ನಷ್ಟೇ ಎಳೆದು ನೋಡಿದರೆ ಗೀಟು ನುಣುಪು. ಗೊಡ್ಡಾರ್ಡ್‌ನ ಇಬ್ಬರು ವಿಜ್ಞಾನಿಗಳು, ಡಿಬ್ರಾಚಿಯೊ ಮತ್ತು ಗರ್ಷ್‌ಮನ್, ಪ್ರತಿ 1.92 ಸೆಕೆಂಡಿಗೆ ಒಂದು ಬಿಂದುವಿನಂತೆ ಮತ್ತೆ ಎಳೆದು ನೋಡಿದರು. ಕ್ಷೇತ್ರದ ಒಂದು ಅಂಶ ಥಟ್ಟನೆ ಮೇಲಕ್ಕೆದ್ದು ಕೆಳಗಿಳಿದಿತ್ತು. ಒಟ್ಟು ಮೂವತ್ತೊಂದು ಬಿಂದುಗಳಷ್ಟೇ. ಅದು ಪ್ಲಾಸ್ಮಾಯ್ಡ್, ಬಾಲದಿಂದ ಕಡಿದುಕೊಂಡು ಹೊರಟ ಪ್ಲಾಸ್ಮಾದ ಉಂಡೆ, ಉದ್ದ ಕನಿಷ್ಠ ಎರಡು ಲಕ್ಷ ಕಿಲೋಮೀಟರ್. ಗ್ರಹ ತನ್ನ ವಾತಾವರಣವನ್ನು ಕಳೆದುಕೊಳ್ಳುವ ದಾರಿಗಳಲ್ಲಿ ಇದೂ ಒಂದು. ಹಳೆಯ ದತ್ತಾಂಶ ಕೈಗೆ ಸಿಕ್ಕರೆ ಸರಾಸರಿಯ ಕಡತ ಬಿಟ್ಟು ಮೂಲದ ಕಡತವನ್ನೇ ತೆರೆಯಬೇಕು.

ಜನವರಿ 26ರಿಂದ 28

26ರ ಬೆಳಿಗ್ಗೆ, ಸುಮಾರು 79 ತ್ರಿಜ್ಯದ ದೂರದಲ್ಲಿ, ಮ್ಯಾಗ್ನೆಟೋಪಾಸ್ ಮತ್ತೆ ದಾಟಿ ನೌಕೆ ಹೊರಬಂತು. ಬೋ ಶಾಕ್ ಮಾತ್ರ ಹೋಗುವಾಗ ಸುಲಭಕ್ಕೆ ಬಿಡಲಿಲ್ಲ, ಹಿಂದೆ ಮುಂದೆ ಸರಿದಾಡುತ್ತಾ ಹಲವು ಸಲ ದಾಟಿಸಿತು. ಬದಿಯಲ್ಲಿ ಆ ಗಡಿ ನೌಕೆಯ ದಾರಿಗೆ ತೀರಾ ಓರೆಯಾಗಿರುತ್ತದೆ. ಸೌರಮಾರುತ ಚೂರು ಬದಲಾದರೂ ಗಡಿ ಬಹಳ ದೂರ ಜಾರುತ್ತದೆ.

28ರ ಮಂಗಳವಾರ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರಿನ ದುರಂತ. ಪತ್ರಿಕೆಗಳ ಮುಖಪುಟದಲ್ಲಿ ಯುರೇನಸ್ಸಿಗೆ ಮತ್ತೆ ಜಾಗ ಸಿಗಲಿಲ್ಲ.

ಹವಾಮಾನದ ಅಂಕಿಗಳು, 2024

20ರಿಂದ 23ರವರೆಗಿನ ಆ ಅಂಕಿಗಳನ್ನು ನಾಸಾದ ವಿಜ್ಞಾನಿ ಜೇಮಿ ಜಸಿನ್ಸ್ಕಿ ಮತ್ತು ಜೊತೆಗಾರರು ಮತ್ತೆ ತೆಗೆದು ನೋಡಿದರು. ಸೌರಮಾರುತದ ಒತ್ತಡವೆಂದರೆ ಸಾಂದ್ರತೆಯನ್ನು ವೇಗದ ವರ್ಗಕ್ಕೆ ಗುಣಿಸಿದ್ದು. ನೌಕೆ ಕೆಲವೇ ದಿನ ಮೊದಲು ತಲುಪಿದ್ದರೆ ಆ ಒತ್ತಡ ಸುಮಾರು 20 ಪಟ್ಟು ಕಡಿಮೆ ಇರುತ್ತಿತ್ತು. ವಾಯೇಜರ್ ಕಂಡಂಥ ಒತ್ತಿಹೋದ ಕಾಂತಗೋಳ ಯುರೇನಸ್ಸಿಗೆ ಇರುವುದು ನೂರರಲ್ಲಿ ನಾಲ್ಕು ಪಾಲು ಹೊತ್ತು ಮಾತ್ರ.

ಇದರ ಅರ್ಥ ಕೈಲೆಕ್ಕದಲ್ಲೇ ಸಿಗುತ್ತದೆ. ಮ್ಯಾಗ್ನೆಟೋಪಾಸಿನ ದೂರ ಒತ್ತಡದ ಆರನೇ ಮೂಲಕ್ಕೆ ವಿಲೋಮ. 20ರ ಆರನೇ ಮೂಲ 1.65, ಅಂದರೆ 18 ತ್ರಿಜ್ಯದ ಜಾಗದಲ್ಲಿ ಸುಮಾರು 30. ಟೈಟಾನಿಯಾ 17 ತ್ರಿಜ್ಯದಲ್ಲಿ ಸುತ್ತುತ್ತದೆ, ಓಬೆರಾನ್ ಸುಮಾರು 23ರಲ್ಲಿ. ಬಿಸಿಲ ಕಡೆಯ ಗಡಿಯ ದೂರಕ್ಕೆ ಹೋಲಿಸಿದರೆ ಒಂದು ಅಂಚಿನಲ್ಲಿ, ಇನ್ನೊಂದು ಪೂರ್ತಿ ಹೊರಗೆ. ಬೇರೆ ವಾರದಲ್ಲಾಗಿದ್ದರೆ ಎರಡೂ ಒಳಗೆ. ಒತ್ತಡದ ಅಲೆ ಇದ್ದಬದ್ದ ಪ್ಲಾಸ್ಮಾವನ್ನು ಹೊರದೂಡಿ, ಎಲೆಕ್ಟ್ರಾನ್ ಪಟ್ಟಿಗಳನ್ನು ಕೆರಳಿಸಿರಬಹುದು ಎಂಬುದು ಅವರ ವಾದ. ನೀರಿನ ಅಯಾನು ಕಾಣಲಿಲ್ಲವಾದ್ದರಿಂದ ಉಪಗ್ರಹಗಳು ಸತ್ತ ಹಿಮಗಡ್ಡೆಗಳು ಎಂದು ಬರೆದಿಟ್ಟದ್ದನ್ನು ಹಾಗಾಗಿ ಹಿಂತೆಗೆದುಕೊಳ್ಳಬೇಕು. 60 ಡಿಗ್ರಿ ವಾಲಿಕೆಗೆ ಮಾತ್ರ ಈ ತಿದ್ದುಪಡಿ ತಾಗುವುದಿಲ್ಲ. ಅದು ಗ್ರಹದ ಒಳಗಿನದು, ಹೊರಗಿನ ಗಾಳಿಗೆ ಅಲುಗುವಂಥದ್ದಲ್ಲ.

2022ರಲ್ಲಿ ಅಮೆರಿಕದ ಗ್ರಹವಿಜ್ಞಾನಿಗಳು ಹತ್ತು ವರ್ಷದ ಯೋಜನೆಯಲ್ಲಿ ಯುರೇನಸ್ ಸುತ್ತುವ ನೌಕೆಯನ್ನು ಮೊದಲ ಸ್ಥಾನದಲ್ಲಿಟ್ಟಿದ್ದಾರೆ. ಹೋಗುವವರು ತಿಂಗಳುಗಟ್ಟಲೆ ಉಳಿಯಬೇಕು, ಗಡಿಯ ಹೊರಗೂ ಒಳಗೂ ಓಡಾಡುವ ಉದ್ದನೆಯ ಕಕ್ಷೆ ಹಿಡಿಯಬೇಕು. ಆಗ ಸೌರಮಾರುತವನ್ನೂ ಅದರ ಪರಿಣಾಮವನ್ನೂ ಒಂದೇ ಉಪಕರಣ ಸರದಿಯಲ್ಲಿ ಅಳೆಯುತ್ತದೆ. ಹತ್ತಿರ ಹೋಗುವುದಂತೂ ಅನಿವಾರ್ಯ. ದಂಡಕಾಂತದ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿದರೆ, ಕ್ಷೇತ್ರದ ಇನ್ನೂ ಜಟಿಲ ಅಂಶಗಳಲ್ಲಿ ನಾಲ್ಕು ಧ್ರುವದ್ದು ನಾಲ್ಕನೇ ಘಾತಕ್ಕೆ, ಎಂಟು ಧ್ರುವದ್ದು ಐದನೇ ಘಾತಕ್ಕೆ. 4.19 ತ್ರಿಜ್ಯದಲ್ಲಿ ಎಂಟು ಧ್ರುವದ ಅಂಶ ದಂಡಕಾಂತದ ಎದುರು ಹದಿನೇಳು ಪಟ್ಟಿಗೂ ಹೆಚ್ಚು ಕುಗ್ಗಿರುತ್ತದೆ. ವಾಯೇಜರಿನ ದತ್ತಾಂಶದಿಂದ ನಾಲ್ಕು ಧ್ರುವದವರೆಗಷ್ಟೇ ಗಟ್ಟಿಯಾಗಿ ಹೇಳಲಾದದ್ದು ಇದಕ್ಕೇ. ಒಂದೂವರೆ ತ್ರಿಜ್ಯಕ್ಕೆ ಇಳಿದರೆ ಕುಗ್ಗುವಿಕೆ ಬರೀ ಎರಡೂಕಾಲು ಪಟ್ಟು. ಬೇರೆ ಬೇರೆ ರೇಖಾಂಶಗಳ ಮೇಲೆ ಹಾಗೆ ಹತ್ತಿಪ್ಪತ್ತು ಸಲ ಇಳಿದು ಬಂದರೆ ಒಳಗೆ ಕ್ಷೇತ್ರ ಹುಟ್ಟಿಸುವ ಕಾಂತಯಂತ್ರದ ನಕ್ಷೆ ಬರೆಯಬಹುದು.